ನಾಲ್ಕು ಜನರ ಅಡುಗೆ

ಠಾಣೆ ಶಹರದ ಹಳೆಯ ನಾಕಾದಲ್ಲಿ, ನಾಲ್ಕು ರಸ್ತೆ ಕೂಡುವ ಮೂಲೆಯಲ್ಲಿದ್ದ ಶಿವರಾಯ ಶೆಟ್ಟರ ಹೋಟೆಲಿಗೆ ಹೋಗಿದ್ದವರು ದುಡ್ಡಿನ ಗಲ್ಲೆಯಲ್ಲಿ ಕೂತ ಶೆಟ್ಟರನ್ನು ನೋಡಿರುತ್ತಾರೆ, ಕೈ ತುಂಬ ಪ್ಲೇಟು ಹಿಡಿದು ಓಡಾಡುವ ವೇಟರುಗಳನ್ನೂ ನೋಡಿರುತ್ತಾರೆ. ಧರ್ಮಪಾಲನನ್ನು ಮಾತ್ರ ನೋಡಿರಲಿಕ್ಕಿಲ್ಲ. ಅವನು ಒಳಗಿನವನು. ಕಾರ್ಕಳದ ಕಡೆಯಿಂದ ಮೀಸೆ ಮೂಡುವ ಮೊದಲೇ ಬಂದು, ಲೋಟ ತೊಳೆದು, ಚಟ್ನಿ ರುಬ್ಬಿ, ದೋಸೆ ಕಾವಲಿಯ ಮುಂದೆ ವರ್ಷಗಟ್ಟಲೆ ಬೆಂದು, ಕೊನೆಗೆ ಇಡೀ ಅಡುಗೆಮನೆ ಅವನ ಮಾತಿಗೆ ನಡೆಯುವಷ್ಟು ದೊಡ್ಡವನಾದ ಮನುಷ್ಯ. ಶೆಟ್ಟರೇ ಅಡುಗೆಮನೆಯ ಒಳಗೆ ಬರಬೇಕಾದರೆ ಒಮ್ಮೆ ಕೆಮ್ಮಿ ಬರುತ್ತಿದ್ದರು.

ಒಳಗಿನವನಿಗೆ ಉಣ್ಣುವವರ ಮುಖ ಕಾಣಿಸುವುದಿಲ್ಲ. ಕಿಟಕಿಯಲ್ಲಿ ಆರ್ಡರ್ ಕೂಗುತ್ತಾರೆ, ಕಿಟಕಿಯಲ್ಲಿ ಪ್ಲೇಟು ಹೊರಗೆ ಹೋಗುತ್ತದೆ, ಸ್ವಲ್ಪ ಹೊತ್ತಿಗೆ ಖಾಲಿ ಪ್ಲೇಟು ತೊಳೆಯಲು ವಾಪಸ್ ಬರುತ್ತದೆ. ಆ ಖಾಲಿ ಪ್ಲೇಟೇ ಧರ್ಮಪಾಲನಿಗೆ ಬಿರುದು-ಬಾವಲಿ, ಸನ್ಮಾನ ಎಲ್ಲ. ಅವನ ಪ್ಲೇಟಿನಲ್ಲಿ ಯಾರೂ ಅನ್ನ ಬಿಟ್ಟದ್ದಿಲ್ಲ ಎಂದು ಅವನೇ ಹೇಳುತ್ತಿದ್ದ. ಹೇಳುವಾಗ ಕುತ್ತಿಗೆ ಸ್ವಲ್ಪ ಮೇಲಕ್ಕೆ ಹೋಗುತ್ತಿತ್ತು. ಹೋಗಲಿ ಬಿಡಿ, ಅಷ್ಟು ಜಂಬ ಅವನಿಗೆ ಒಪ್ಪುತ್ತಿತ್ತು.

ಇಷ್ಟು ದೊಡ್ಡ ಅಡುಗೆಯವನು ಡೊಂಬಿವಲಿಯ ತನ್ನ ಮನೆಯಲ್ಲಿ ಒಂದು ದಿನವೂ ಒಲೆ ಹಚ್ಚಿದವನಲ್ಲ. ಹಚ್ಚುವುದೆಲ್ಲಿ ಬಂತು, ಮನೆ ಅವನಿಗೆ ಮಲಗುವ ಜಾಗ. ಮಕ್ಕಳು ಏಳುವ ಮೊದಲು ಠಾಣೆಯ ಲೋಕಲ್ ಹಿಡಿಯುತ್ತಿದ್ದ, ಅವರು ಮಲಗಿದ ಮೇಲೆ ಬರುತ್ತಿದ್ದ. ನಿಶ್ಮಿತಾ ಮತ್ತು ಲತೇಶ್ ತಮ್ಮ ಪಪ್ಪನನ್ನು ಹೆಚ್ಚಾಗಿ ಕಂಡದ್ದು ಗೊರಕೆ ಹೊಡೆಯುವಾಗ. ಮನೆಯ ಊಟವೆಲ್ಲ ಹೆಂಡತಿ ವಿಮಲಾಳ ತಲೆಯ ಮೇಲೆ. ಅವಳು ಠಾಣೆಯ ಕೈಗಾರಿಕಾ ವಸಾಹತು ವಾಗ್ಳೆ ಎಸ್ಟೇಟಿನ ಔಷಧಿ ಕಂಪನಿಯೊಂದರಲ್ಲಿ ಪ್ಯಾಕಿಂಗ್ ಲೈನಿನಲ್ಲಿ ಕೆಲಸ ಮಾಡಿ, ಸಂಜೆ ಟ್ರೇನಿನಲ್ಲಿ ಜಾಗ ಸಿಕ್ಕಿದರೆ ಮಡಿಲಲ್ಲೇ ಬೀನ್ಸ್ ಮುರಿದು, ಮನೆಗೆ ಬಂದ ಕೂಡಲೇ ಕುಕ್ಕರ್ ಏರಿಸುವವಳು.

ಎರಡು ಸಾವಿರದ ಹನ್ನೊಂದರಲ್ಲಿ ಹೋಟೆಲಿದ್ದ ಕಟ್ಟಡವನ್ನು ಕೆಡವಿ ಟವರ್ ಕಟ್ಟುವುದೆಂದಾಯಿತು. ಹೊಸ ಜಾಗ ಸಿಕ್ಕಿದ ಕೂಡಲೇ ಕರೆಯುತ್ತೇನೆಂದು ಶೆಟ್ಟರು ಎಲ್ಲರಿಗೂ ಹೇಳಿ ಶಟರ್ ಎಳೆದರು. ಧರ್ಮಪಾಲ ಸುಮ್ಮನೆ ಕೂರುವ ಜಾತಿಯವನಲ್ಲ. ಡೊಂಬಿವಲಿ ಸ್ಟೇಷನ್ ಹತ್ತಿರದ ತಿಂಡಿಯಂಗಡಿಯೊಂದರಲ್ಲಿ ಬೆಳಗಿನ ಇಡ್ಲಿ-ವಡೆಯ ಕೆಲಸ ಹಿಡಿದ. ಮಧ್ಯಾಹ್ನಕ್ಕೆ ಕೆಲಸ ಮುಗಿಯುತ್ತಿತ್ತು. ಹುಟ್ಟಿ ಬುದ್ಧಿ ಬಂದ ಮೇಲೆ ಮೊದಲ ಬಾರಿಗೆ ಅವನಿಗೊಂದು ಸಂಜೆ ಸಿಕ್ಕಿತು.

ಸರಿಯಾಗಿ ಅದೇ ಹೊತ್ತಿಗೆ ವಿಮಲಾಳ ಕಂಪನಿ ರಬಾಳೆಯಲ್ಲಿ ಹೊಸ ಘಟಕ ತೆರೆಯಿತು. ಅಲ್ಲಿಗೆ ಲೇಡಿ ಸೂಪರ್‌ವೈಸರ್ ಬೇಕಿತ್ತು, ವಿಮಲಾಳನ್ನು ಕೇಳಿದರು. ಹದಿನೈದು ವರ್ಷ ಲೈನಿನಲ್ಲಿ ನಿಂತವಳು ಅವಳು. ಅವಳ ಕೈಯಲ್ಲಿ ಕೆಲಸ ಕಲಿತ ಇಬ್ಬರು ಹುಡುಗರು ಆಗಲೇ ಅವಳಿಗೇ ಸೂಪರ್‌ವೈಸರುಗಳಾಗಿ ಕೂತಿದ್ದರು. ಅವಳು ಆ ಬಗ್ಗೆ ಬಾಯಿ ಬಿಟ್ಟು ಏನೂ ಹೇಳಿರಲಿಲ್ಲ. ಹೇಳದೆ ಇದ್ದದ್ದೇ ಎಷ್ಟು ನೊಂದಿದ್ದಾಳೆಂದು ಧರ್ಮಪಾಲನಿಗೆ ತಿಳಿಸುತ್ತಿತ್ತು. ಆದರೆ ರಬಾಳೆಯಿಂದ ಠಾಣೆಗೆ ಬಂದು, ಅಲ್ಲಿ ಟ್ರೇನು ಬದಲಿಸಿ, ಡೊಂಬಿವಲಿ ಮುಟ್ಟುವಾಗ ರಾತ್ರಿ ಎಂಟೂವರೆ. ನಿಶ್ಮಿತಾ ಹತ್ತನೆಯ ಕ್ಲಾಸಿನಲ್ಲಿ, ಲತೇಶ್ ಆರನೆಯದರಲ್ಲಿ. ಅವರ ಊಟದ ಗತಿ ಏನು?

"ಊಟದ ಚಿಂತೆ ನಿನಗೆ ಯಾಕೆ?" ಎಂದ ಧರ್ಮಪಾಲ. ಮನೆಯಲ್ಲಿ ಆಡುವುದು ತುಳು, ಇಲ್ಲಿ ಕನ್ನಡದಲ್ಲೇ ಇರಲಿ. "ಠಾಣೆಗೆಲ್ಲ ಊಟ ಹಾಕಿದವ ನಾನು. ನಾಲ್ಕು ಜನರದ್ದು ಎಂತ ದೊಡ್ಡ ವಿಷಯ?"

ವಿಮಲಾ ಕುಕ್ಕರಿನ ಮುಚ್ಚಳ ಬದಿಗಿಟ್ಟಳು. "ಒಂದು ತಿಂಗಳು ಟ್ರಯಲ್ ಅಂತ ಹೇಳಿದ್ದಾರೆ. ತಿಂಗಳ ಕೊನೆಗೆ ನಾನು ಹೂಂ ಅನ್ಬೇಕು, ಇಲ್ಲ ಲೈನಿಗೇ ವಾಪಸ್. ಮನೆಯಲ್ಲಿ ಊಟ ಸರಿ ನಡೆದ್ರೆ ಹೂಂ ಅಂತೇನೆ. ಮಕ್ಕಳು ಹೊಟ್ಟೆಗೆ ಸರಿ ಇಲ್ಲದೆ ಒದ್ದಾಡಿದ್ರೆ ನನಗೆ ಆ ಕುರ್ಚಿ ಬೇಡ."

ಹೀಗೆ ವಿಮಲಾಳ ಬಡ್ತಿ ಧರ್ಮಪಾಲನ ಸೌಟಿಗೆ ಬಂದು ನಿಂತಿತು.

ಮೊದಲ ದಿನ ಅವನು ಸಾಂಬಾರ್ ಮಾಡಿದ. ಮಾಡಿದ ಎಂದರೆ ಕಡಿಮೆಯಾಯಿತು. ಅವನ ಕೈಗೆ ಗೊತ್ತಿದ್ದದ್ದು ಬಕೆಟಿನ ಲೆಕ್ಕ. ಬೇಳೆ ಹಾಕಿದ್ದು ಹೆಚ್ಚಾಯಿತೆಂದು ನೀರು, ನೀರು ಹೆಚ್ಚಾಯಿತೆಂದು ಹುಳಿ, ಹುಳಿ ಹೆಚ್ಚಾಯಿತೆಂದು ಬೆಲ್ಲ, ಎಲ್ಲ ಸರಿಹೋಯಿತು ಎನ್ನುವಾಗ ಮನೆಯ ಪಾತ್ರೆಗಳೆಲ್ಲ ತುಂಬಿ, ಸ್ನಾನದ ಹೊಸ ಬಕೆಟನ್ನೂ ತೊಳೆದು ತರಬೇಕಾಯಿತು. ಲತೇಶ್ ಮಹಡಿ ಮಹಡಿ ಹತ್ತಿ ಡಬ್ಬಿ ಹಂಚಿದ. ಪಕ್ಕದ ಮನೆಯ ಮುಕ್ತಾ ಕಾಕು ಬಾಗಿಲಿಗೇ ಬಂದು, "ಭಾವೂಜಿ, ಹೋಟೆಲ್‌ಸಾರಖಾ ಸಾಂಬಾರ್, ಏಕದಂ ಮಸ್ತ್" ಎಂದು, ಥೇಟ್ ಹೋಟೆಲಿನದೇ ರುಚಿ ಎಂದು ಮರಾಠಿಯಲ್ಲಿ ಹೊಗಳಿದಳು. ಧರ್ಮಪಾಲನ ಎದೆ ಉಬ್ಬಿತು. ಡಬ್ಬಿ ಖಾಲಿ ವಾಪಸ್ ಕೊಡಬಾರದೆಂದು ಎಲ್ಲರೂ ಏನಾದರೂ ಹಾಕಿಯೇ ಕೊಟ್ಟರು. ಆ ವಾರವೆಲ್ಲ ಮನೆಯಲ್ಲಿ ಶೇಂಗಾ ಚಟ್ನಿ, ಚಿವಡಾ, ಎಳ್ಳು-ಬೆಲ್ಲದ ಉಂಡೆ. ಸಾಂಬಾರ್ ಮಾತ್ರ ಮೂರನೆಯ ದಿನಕ್ಕೂ ಮುಗಿದಿರಲಿಲ್ಲ.

ಆಮೇಲೆ ಅವನು ಜಾಣನಾದ, ಅಂದರೆ ಅವನು ಹಾಗೆಂದುಕೊಂಡ. ಹೋಟೆಲಿನ ಕ್ರಮದಲ್ಲೇ ಈರುಳ್ಳಿ, ಟೊಮೆಟೊ, ಗೋಡಂಬಿ ಅರೆದು, ಎಣ್ಣೆ ಬಿಡುವವರೆಗೆ ಹುರಿದು, ಗ್ರೇವಿ ಮಾಡಿ ಫ್ರಿಜ್ಜಿನಲ್ಲಿಟ್ಟ. ಸಂಜೆ ಅದರಲ್ಲಿ ಪನೀರ್ ಹಾಕಿದರೆ ಒಂದು, ಕೋಫ್ತಾ ಹಾಕಿದರೆ ಇನ್ನೊಂದು. ಒಂದು ದಿನ ಮಂಚೂರಿಯನ್. ಲತೇಶ್ ಕುಣಿದಾಡಿದ. ಶಾಲೆಯಲ್ಲಿ ಗೆಳೆಯರಿಗೆಲ್ಲ ಹೇಳಿಕೊಂಡು ಬಂದ. ವಾರ ಕಳೆಯುವಾಗ ಅದೇ ಲತೇಶ್ ಹೊಟ್ಟೆ ಹಿಡಿದುಕೊಂಡು ಶಾಲೆಗೆ ರಜೆ ಹಾಕಿದ. ವಿಮಲಾ ಊಟವಾದ ಮೇಲೆ ಪರ್ಸಿನಿಂದ ಎದೆಯುರಿಯ ಜೆಲುಸಿಲ್ ಮಾತ್ರೆ ತೆಗೆದು ಅಗಿಯುತ್ತಿದ್ದಳು. ನಿಶ್ಮಿತಾ ಒಂದು ಸಂಜೆ ಪ್ಲೇಟನ್ನು ಮೆಲ್ಲಗೆ ಸರಿಸಿ, "ಪಪ್ಪಾ, ಕುಛ್ ಹಲ್ಕಾ ಬನಾವೋ ನಾ" ಎಂದು ಹೊಟ್ಟೆಗೆ ಹಗುರವಾದದ್ದನ್ನು ಕೇಳಿದಳು.

ಧರ್ಮಪಾಲ ಆ ಪ್ಲೇಟನ್ನು ನೋಡಿದ. ಅರ್ಧಕ್ಕಿಂತ ಹೆಚ್ಚು ಹಾಗೆಯೇ ಇತ್ತು. ಇಪ್ಪತ್ತೈದು ವರ್ಷದಲ್ಲಿ ಅವನ ಪ್ಲೇಟು ವಾಪಸ್ ಬಂದದ್ದು ಅದೇ ಮೊದಲು, ಅದೂ ಹೆತ್ತ ಮಗಳ ಕೈಯಿಂದ. ಅವನಿಗೆ ಕೆನ್ನೆಗೆ ಹೊಡೆದಂತಾಯಿತು. ಅಡುಗೆಮನೆಗೆ ಹೋಗಿ ಸುಮ್ಮನೆ ಒಲೆ ಒರೆಸಿದ.

ಈಗ ಅವನು ಮಾಡಿದ ತಪ್ಪು ಹೋಟೆಲಿನವನೊಬ್ಬನೇ ಮಾಡಬಹುದಾದ ತಪ್ಪು. ಗಿರಾಕಿಗೆ ಹಿಡಿಸಲಿಲ್ಲವೆಂದರೆ ಏನು ಮಾಡಬೇಕು? ಗಿರಾಕಿಯನ್ನೇ ಕೇಳಬೇಕು. ಮರುದಿನದಿಂದ ಒಬ್ಬೊಬ್ಬರ ಆರ್ಡರ್ ತೆಗೆದುಕೊಳ್ಳತೊಡಗಿದ. ಲತೇಶನಿಗೆ ಶೆಜ್ವಾನ್ ರೈಸು, ಎಣ್ಣೆ ಕಡಿಮೆ. ನಿಶ್ಮಿತಾಳಿಗೆ ಫುಲ್ಕಾ, ದಾಲು. ವಿಮಲಾಳಿಗೆ ಬಂದ ಮೇಲೆ ಕೇಳಿ ಬಿಸಿಬಿಸಿ. ಎರಡು ಒಲೆಯ ಗ್ಯಾಸಿನ ಮುಂದೆ ಬನಿಯನ್ನಿನಲ್ಲಿ ನಿಂತು, ಬೆವರು ಸುರಿಸುತ್ತ, ಒಂದು ಬಾಣಲೆ ಇಳಿಸಿ ಇನ್ನೊಂದು ಏರಿಸುತ್ತ ಅವನು ಯುದ್ಧ ಮಾಡಿದ. ಲತೇಶ್ ತನ್ನದು ಆದ ಕೂಡಲೇ ಟೀವಿಯ ಮುಂದೆ ಕೂತು ತಿಂದ. ನಿಶ್ಮಿತಾ ತನ್ನ ತಟ್ಟೆಯನ್ನು ಪುಸ್ತಕಗಳ ನಡುವೆ ಇಟ್ಟುಕೊಂಡಳು.

ನಾಲ್ಕನೆಯ ದಿನ ವಿಮಲಾ ಚಪ್ಪಲಿ ಬಿಡುವ ಮೊದಲೇ ಅವನು ಅಡುಗೆಮನೆಯಿಂದ ಕತ್ತು ಹೊರಗೆ ಹಾಕಿ ಕೇಳಿದ. "ನಿನಗೆ ಎಂತ ಮಾಡ್ಲಿ? ಐದು ನಿಮಿಷದಲ್ಲಿ ಕೊಡ್ತೇನೆ."

"ಮಕ್ಕಳದ್ದು ಆಯ್ತಾ?"

"ಇಬ್ಬರದ್ದೂ ಆಯ್ತು. ಬೇರೆ ಬೇರೆ."

"ನಿಮ್ಮದು?"

"ನಂದು ಎಂತ, ಎಲ್ಲ ಆದ ಮೇಲೆ ನಿಂತುಕೊಂಡೇ ಆಗ್ತದೆ."

ವಿಮಲಾ ಬ್ಯಾಗನ್ನು ಹೆಗಲಿನಿಂದ ಇಳಿಸದೆ ಕುರ್ಚಿಯಲ್ಲಿ ಕೂತಳು. ಅವಳ ಕಣ್ಣಲ್ಲಿ ನೀರು ಬಂದಿತ್ತು, ಆದರೆ ಮಾತಿನಲ್ಲಿ ಇದ್ದದ್ದು ಸಿಟ್ಟು. "ಟ್ರೇನಲ್ಲಿ ನೇತಾಡಿಕೊಂಡು ಬರುವುದು ಮಕ್ಕಳೊಟ್ಟಿಗೆ ಕೂತು ಒಂದು ತುತ್ತು ಉಣ್ಲಿಕ್ಕೆ. ಇಲ್ಲಿ ನೋಡಿದ್ರೆ ಒಬ್ಬ ಅಲ್ಲಿ, ಒಬ್ಬಳು ಇಲ್ಲಿ, ನೀವು ಒಳಗೆ. ನೀವು ಹೋಟೆಲ್ ನಡೆಸ್ತಾ ಇದ್ದೀರಿ ಮಾರಾಯ್ರೇ. ನಿಮ್ಮ ಮೇಲೆ ತಪ್ಪು ಹಾಕುದಿಲ್ಲ, ನಿಮಗೆ ಬೇರೆ ಗೊತ್ತಿಲ್ಲ. ನಾನು ಕೊನೆಗೆ ಬೇಡ ಅಂತ ಹೇಳ್ತೇನೆ. ಲೈನಿಗೇ ಹೋಗ್ತೇನೆ."

ಶೆಟ್ಟರು ಬೈದಾಗ ತಿರುಗಿ ಬೈದವನು, ಗ್ಯಾಸ್ ಖಾಲಿಯಾದಾಗ ಸೌದೆ ಹಚ್ಚಿ ಮದುವೆ ಊಟ ಮುಗಿಸಿದವನು, ಧರ್ಮಪಾಲ ಹೆಂಡತಿಯ ಎದುರು ಸೌಟು ಹಿಡಿದು ಬೆಪ್ಪನಂತೆ ನಿಂತ. ಮರುದಿನ ತಿಂಡಿಯಂಗಡಿಯಲ್ಲಿ ಇಡ್ಲಿ ತಟ್ಟೆ ಜೋಡಿಸುವಾಗಲೂ ಅದೇ ಕಣ್ಣ ಮುಂದೆ. ಹೊಸ ಘಟಕದವರು ವಿಮಲಾಳಿಗೆ ಕೊಟ್ಟ ಗುರುತಿನ ಕಾರ್ಡನ್ನು ಅವಳು ಮನೆಯಿಂದಲೇ ಕುತ್ತಿಗೆಗೆ ಹಾಕಿಕೊಂಡು ಹೋಗುತ್ತಿದ್ದಳು. ಬೇರೆಯವರು ಗೇಟಿನಲ್ಲಿ ಹಾಕಿಕೊಳ್ಳುತ್ತಾರೆ. ಅದನ್ನು ಅವಳು ತೆಗೆದು ವಾಪಸ್ ಕೊಡಬೇಕಾಗುವುದು ತನ್ನ ದೆಸೆಯಿಂದ ಎಂಬುದು ಅವನಿಗೆ ಸಹಿಸಲಿಕ್ಕಾಗಲಿಲ್ಲ.

ಭಾನುವಾರ ವಿಮಲಾ ಅಡುಗೆಗೆ ನಿಂತಾಗ ಅವನು ಒಂದು ಸ್ಟೂಲು ಎಳೆದುಕೊಂಡು ಬಾಗಿಲಲ್ಲಿ ಕೂತ.

"ಎಂತ?" ಎಂದಳು ಅವಳು.

"ಕಲಿಸು."

ವಿಮಲಾ ಮೊದಲು ನಕ್ಕಳು. ಆಮೇಲೆ ಅವನು ನಗುತ್ತಿಲ್ಲವೆಂದು ಕಂಡಳು. ಅಕ್ಕಿ ಅಳೆಯುವ ಚಹಾದ ಗ್ಲಾಸನ್ನು ಅವನ ಕೈಗೆ ಕೊಟ್ಟಳು. ಅಂದು ಅವಳು ಮಾಡಿದ್ದು ಗಟ್ಟಿ ಸಾರಿನಂಥ ಹೆಸರುಕಾಳಿನ ಗಸಿ, ಅನ್ನ, ಅಷ್ಟೇ. ಆದರೆ ಧರ್ಮಪಾಲ ಕಣ್ಣು ಮಿಟುಕಿಸದೆ ನೋಡಿದ. ಕಾಳು ಬೆಂದ ಕೂಡಲೇ, ಮಸಾಲೆ ಬೀಳುವ ಮೊದಲೇ, ಒಂದು ಬಟ್ಟಲು ತೆಗೆದು ತುಪ್ಪ ಬೆರೆಸಿ ಲತೇಶನಿಗೆಂದು ಇಟ್ಟಳು. ತೆಂಗಿನಕಾಯಿ ಮಸಾಲೆ ಹಾಕಿ ಕುದಿ ಬಂದ ಮೇಲೆ ತನ್ನ ಪಾಲು ತೆಗೆದಳು, ಅವಳ ಎದೆಯುರಿಗೆ ಹಸಿಮೆಣಸು ಆಗುವುದಿಲ್ಲ. ಉಳಿದದ್ದಕ್ಕೆ ಮೆಣಸು ಸೀಳಿ, ಬೆಳ್ಳುಳ್ಳಿ ಒಗ್ಗರಣೆ. ನಿಶ್ಮಿತಾ ಸಾಸಿವೆ ಹೆಕ್ಕಿ ಹೆಕ್ಕಿ ಬದಿಗಿಡುತ್ತಾಳೆಂದು ಒಗ್ಗರಣೆಗೆ ಸಾಸಿವೆ ಇಲ್ಲ. ಒಂದೇ ಪಾತ್ರೆಯೊಳಗೆ ಇಡೀ ಮನೆ ಉಂಟಲ್ಲ ಎಂದು ಅವನಿಗೆ ಆಶ್ಚರ್ಯವಾಯಿತು.

"ಇದೆಲ್ಲ ನಿನಗೆ ಯಾರು ಹೇಳಿದ್ದು?"

"ಯಾರು ಹೇಳ್ತಾರೆ? ಉಣ್ಣುವಾಗ ಎದುರು ಕೂತ್ರೆ ಮುಖ ಕಾಣ್ತದೆ." ವಿಮಲಾ ಸೌಟನ್ನು ಪಾತ್ರೆಯ ಅಂಚಿಗೆ ತಟ್ಟಿದಳು. "ನಿಮಗೆ ಮಾತ್ರ ಎಂತ ಇಷ್ಟ ಅಂತ ನನಗೆ ಈಗಲೂ ಗೊತ್ತಿಲ್ಲ. ನೀವು ಕೂತದ್ದೇ ಇಲ್ಲ."

ತನಗೆ ಏನು ಇಷ್ಟ ಎಂದು ಧರ್ಮಪಾಲ ಯೋಚಿಸಿ ನೋಡಿದ. ಅವನಿಗೂ ಗೊತ್ತಿರಲಿಲ್ಲ.

ಅಂದಿನಿಂದ ಅವನ ಅಡುಗೆಯ ದಾರಿ ಬದಲಾಯಿತು. ಹಾಗೆಂದು ಹೋಟೆಲಿನ ವಿದ್ಯೆಯನ್ನೆಲ್ಲ ಗಂಟು ಕಟ್ಟಿ ಅಟ್ಟಕ್ಕೆ ಎಸೆದನೆಂದಲ್ಲ. ಕೆಲಸವನ್ನು ಮೊದಲೇ ಮಾಡಿಡುವುದರಲ್ಲಿ ಅವನನ್ನು ಮೀರಿಸುವವರಿಲ್ಲ. ವಾರಕ್ಕೆ ಬೇಕಾದ ತೆಂಗಿನಕಾಯಿ ಮಸಾಲೆಯನ್ನು ಒಟ್ಟಿಗೆ ಅರೆದು, ಒಂದು ದಿನಕ್ಕೆ ಒಂದು ಉಂಡೆಯೆಂದು ಫ್ರೀಜರಿನಲ್ಲಿಟ್ಟ. ಮಧ್ಯಾಹ್ನ ನಿದ್ದೆ ತೆಗೆದು ಎದ್ದವನೇ ತರಕಾರಿ ಹೆಚ್ಚಿಟ್ಟುಬಿಡುತ್ತಿದ್ದ. ಒಂದು ದಿನ ಬೇಳೆ ತೊವ್ವೆಯ ಜೊತೆ ಕುಕ್ಕರಿನ ಮೇಲಿನ ಡಬ್ಬಿಯಲ್ಲೇ ಕುಂಬಳಕಾಯಿ ಬೆಂದು ಬಂತು. ಇನ್ನೊಂದು ದಿನ ನೀರುದೋಸೆ. ಅವನು ಕಾವಲಿಯನ್ನು ಗ್ಯಾಸ್ ಸಮೇತ, ಬಿಸಿಬಿಸಿ ಬಡಿಸಲೆಂದು, ನಡುಮನೆಗೇ ತರಲು ಹೊರಟಿದ್ದ, ನಿಶ್ಮಿತಾ ತಡೆದಳು. ಎಲ್ಲ ದೋಸೆ ಹೊಯ್ದು, ಬಟ್ಟೆ ಮುಚ್ಚಿ, ಆಮೇಲೆ ಒಟ್ಟಿಗೆ ಕೂರುವ ಅಂದಳು. ಬುಧವಾರದ ಬಂಗುಡೆ ಮೀನಿನ ಸಾರಿಗೆ ಲತೇಶ್ ಮೂರು ಸಲ ಅನ್ನ ಹಾಕಿಸಿಕೊಂಡ. ಮುಳ್ಳು ಬಿಡಿಸಿಕೊಡುವುದಕ್ಕೆ ಧರ್ಮಪಾಲ ಎದುರೇ ಕೂರಬೇಕಾಯಿತು. ಕೂತ ಮೇಲೆ ತಾನೂ ಉಂಡ. ಉಣ್ಣುವಾಗ ಮಕ್ಕಳು ಏನೇನು ಮಾತಾಡುತ್ತಾರೆಂದು ಅವನಿಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಭೂಗೋಳದ ಟೀಚರನ್ನು ಲತೇಶ್ ಅಣಕಿಸಿ ತೋರಿಸಿದಾಗ ಅವನು ನಗುತ್ತ ನಗುತ್ತ ಅನ್ನ ನೆತ್ತಿಗೇರಿಸಿಕೊಂಡ.

ವಿಮಲಾ ಇದನ್ನೆಲ್ಲ ನೋಡುತ್ತಿದ್ದಳು. ಆದರೆ ಹೂಂ ಎಂದೂ ಹೇಳಲಿಲ್ಲ, ಉಹೂಂ ಎಂದೂ ಹೇಳಲಿಲ್ಲ. ಅವಳಿಗೆ ಭಯವಿತ್ತು. ಹೋಟೆಲಿನಿಂದ ಒಂದು ಕರೆ ಬಂದರೆ ಈ ಮನುಷ್ಯ ಪಂಚೆ ಎತ್ತಿ ಕಟ್ಟಿ ಓಡುತ್ತಾನೆ, ಆಮೇಲೆ ರಬಾಳೆಯಲ್ಲಿ ಕೂತು ತಾನು ಮಕ್ಕಳ ಹೊಟ್ಟೆ ನೆನೆದು ಚಡಪಡಿಸಬೇಕು. ಮುಕ್ತಾ ಕಾಕುವಿನ ಹತ್ತಿರ ಹೀಗೆಂದು ಹೇಳಿಯೂ ಇದ್ದಳು. ಮುಕ್ತಾ ಕಾಕು ಎಂದ ಮೇಲೆ ಅದು ಧರ್ಮಪಾಲನ ಕಿವಿಗೆ ಬೀಳದೆ ಇರುತ್ತದೆಯೇ?

ತಿಂಗಳ ಕೊನೆಯ ದಿನ ಬಂತು. ಮರುದಿನ ಬೆಳಗ್ಗೆ ವಿಮಲಾ ಕಂಪನಿಯಲ್ಲಿ ಉತ್ತರ ಕೊಡಬೇಕು. ಧರ್ಮಪಾಲ ಮಧ್ಯಾಹ್ನವೇ ಕುಚ್ಚಲಕ್ಕಿ ತೊಳೆದು ಒಲೆಗಿಟ್ಟ. ಅದು ಹೊತ್ತು ಹಿಡಿಯುವ ಅಕ್ಕಿ, ಕೆಲಸದಿಂದ ಬಂದು ಮಾಡುವಂಥದ್ದಲ್ಲ. ವಿಮಲಾ ವಾರದ ದಿನಗಳಲ್ಲಿ ಗಂಜಿ ಉಣ್ಣದೆ ಎಷ್ಟು ವರ್ಷವಾಯಿತೋ. ಗಂಜಿಗೆ ಒಣ ಸಿಗಡಿಯ ಚಟ್ನಿ, ತೊಂಡೆಕಾಯಿ ಪಲ್ಯ. ಅನ್ನ ಅರಳುತ್ತ ಬಂದಿತ್ತು, ಸಿಗಡಿ ಹುರಿದ ಪರಿಮಳ ಮೆಟ್ಟಿಲಿನವರೆಗೆ ಹೋಗಿತ್ತು. ಆಗ ಫೋನು ಬಂತು.

ಫೋನಿನಲ್ಲಿ ಶಿವರಾಯ ಶೆಟ್ಟರು. "ಧರ್ಮಪಾಲಾ, ಕೂಡಲೇ ಹೊರಡು. ಕಳಂಬೋಲಿಯಲ್ಲಿ ನಮ್ಮ ಭಾವನ ಮದುವೆ ಹಾಲ್ ಉಂಟಲ್ಲ, ಕಬ್ಬಿಣದ ವ್ಯಾಪಾರಿಯ ಮಗಳ ರಿಸೆಪ್ಷನ್. ಅಡುಗೆಯವ ಜಗಳ ಮಾಡಿ ಓಡಿಹೋಗಿದ್ದಾನೆ. ನಾನೂರು ಜನ. ನೀನು ಬಂದ್ರೆ ಮರ್ಯಾದೆ ಉಳೀತದೆ. ಗಾಡಿ ಕಳಿಸ್ತೇನೆ."

ಧರ್ಮಪಾಲನ ರಕ್ತ ಬಿಸಿಯಾಯಿತು ಎಂಬುದನ್ನು ಮುಚ್ಚಿಡುವುದೇಕೆ? ನಾನೂರು ಜನ. ದೊಡ್ಡ ಒಲೆ, ದೊಡ್ಡ ಕಡಾಯಿ, ಅವನ ಒಂದು ಮಾತಿಗೆ ಓಡುವ ಹತ್ತು ಮಂದಿ. ತಿಂಗಳುಗಟ್ಟಲೆ ಅವನ ಕೈ ಅದಕ್ಕಾಗಿಯೇ ತುರಿಸುತ್ತಿತ್ತು. ನಿಶ್ಮಿತಾ ಪುಸ್ತಕದಿಂದ ತಲೆಯೆತ್ತಿ ಅವನನ್ನೇ ನೋಡುತ್ತಿದ್ದಳು.

"ಸೇಟ್, ಇವತ್ತು ಆಗುದಿಲ್ಲ," ಎಂದ. "ನಮ್ಮಲ್ಲಿ ಊಟ ಉಂಟು."

"ಎಂತ ಊಟ? ಪೂಜೆಯಾ? ಎಷ್ಟು ಜನ?"

"ನಾಲ್ಕು ಜನ."

ಇವನಿಗೆ ತಲೆ ಕೆಟ್ಟಿತೋ ಎಂದು ಶೆಟ್ಟರು ಅಂದುಕೊಂಡಿರಬೇಕು. ಧರ್ಮಪಾಲ ಅವರಿಗೆ ಪಕ್ಕದ ಊರು ಕಲ್ಯಾಣದ ಒಬ್ಬ ಒಳ್ಳೆಯ ಅಡುಗೆಯವನ ಹೆಸರು ಹೇಳಿ, ಅವನಿಗೆ ತಾನೇ ಫೋನು ಮಾಡಿ ಒಪ್ಪಿಸಿ, ಒಲೆಯ ಹತ್ತಿರ ಬಂದ. ಗಂಜಿ ತಳ ಹಿಡಿಯುವುದರಲ್ಲಿತ್ತು.

ವಿಮಲಾ ಬಂದಾಗ ನೆಲದ ಮೇಲೆ ನಾಲ್ಕು ಬಟ್ಟಲು ಇಟ್ಟಿತ್ತು. ಲತೇಶನ ಬಟ್ಟಲಿನಲ್ಲಿ ಗಂಜಿ ಬಸಿದ ಅನ್ನ, ತುಪ್ಪ. ಅವಳು ಬಾಗಿಲಲ್ಲೇ ನಿಂತು ಒಮ್ಮೆ ಮೂಗರಳಿಸಿದಳು. ಒಳಗೆ ಹೋಗಿ ಪಾತ್ರೆ ಮುಚ್ಚಳ ತೆಗೆದು ನೋಡಲಿಲ್ಲ, ಉಪ್ಪು ಸರಿಯಿದೆಯೇ ಎಂದು ಕೇಳಲಿಲ್ಲ. ಕೈಕಾಲು ತೊಳೆದು ಬಂದು ಗೋಡೆಗೊರಗಿ ಕೂತಳು.

"ಬಡಿಸಿ," ಎಂದಳು.

ಹದಿನೆಂಟು ವರ್ಷದ ಸಂಸಾರದಲ್ಲಿ ಅವಳು ಆ ಮಾತು ಹೇಳಿದ್ದು ಅದೇ ಮೊದಲು. ಧರ್ಮಪಾಲ ಗಂಜಿ ಬಡಿಸಿದ, ಚಟ್ನಿ ಇಟ್ಟ, ತಾನೂ ಕೂತ. ವಿಮಲಾ ಒಂದು ಗುಟುಕು ಬಿಸಿ ಗಂಜಿ ಕುಡಿದು, ಬೆರಳಿನಲ್ಲಿ ಚಟ್ನಿ ತೆಗೆದು ಬಾಯಿಗಿಟ್ಟುಕೊಂಡು ಕಣ್ಣು ಮುಚ್ಚಿದಳು. ಉಣ್ಣುವವರ ಮುಖ ಎಂದರೆ ಇದು ಎಂದು ಅವನು ನೋಡಿಯೇ ನೋಡಿದ.

ನಿಶ್ಮಿತಾಳಿಗೆ ತಡೆಯಲಾಗಲಿಲ್ಲ. "ಅಮ್ಮಾ, ಸೇಟ್ ಕಾ ಫೋನ್ ಆಯಾ ಥಾ. ನಾನೂರು ಜನ. ಪಪ್ಪಾ ನೇ ನಾ ಬೋಲಾ."

ವಿಮಲಾ ಕಣ್ಣು ತೆರೆದು ಗಂಡನನ್ನು ನೋಡಿದಳು. "ಹೌದಾ? ಶೆಟ್ಟರಿಗೆ ಬೇಡ ಅಂದ್ರಾ?"

"ಹೌದು. ಗಂಜಿ ಒಲೆಯಲ್ಲಿತ್ತು," ಎಂದ ಅವನು.

ವಿಮಲಾ ಬಟ್ಟಲು ಮುಂದೆ ಚಾಚಿ ಇನ್ನೊಮ್ಮೆ ಹಾಕಿಸಿಕೊಂಡಳು. ಅದನ್ನೂ ಮುಗಿಸಿ, ಕೈ ಒಣಗುತ್ತಿದ್ದರೂ ಏಳದೆ ಕೂತು, "ನಾಳೆ ಹೂಂ ಅಂತ ಹೇಳಿ ಬರ್ತೇನೆ," ಎಂದಳು. ಹೇಳುವಾಗ ನಕ್ಕಳು, ಕಣ್ಣೂ ತುಂಬಿತು. ಲತೇಶ್‌ಗೆ ಏನೂ ಅರ್ಥವಾಗಲಿಲ್ಲ, ಅವನು ಇನ್ನಷ್ಟು ತುಪ್ಪ ಕೇಳಿದ.

ಮೂರು ವರ್ಷ ಕಳೆದು ಶೆಟ್ಟರ ಹೊಸ ಹೋಟೆಲ್ ಠಾಣೆಯಲ್ಲೇ ಎದ್ದಿತು, ಏಸಿ ಹಾಕಿದ್ದು. ಧರ್ಮಪಾಲ ಬಾರದೆ ಒಲೆ ಹಚ್ಚುವುದಿಲ್ಲವೆಂದು ಶೆಟ್ಟರು ಹಟ ಹಿಡಿದರು. ಅವನು ಹೋದ, ಬೆಳಗಿನ ಪಾಳಿಗೆ ಮಾತ್ರ ಎಂದು ಮೊದಲೇ ಹೇಳಿ ಹೋದ. ಉದ್ಘಾಟನೆಯ ದಿನ ಪಾಳಿ ಸಂಜೆಯವರೆಗೆ ಎಳೆಯಿತು, ಜನ ಬಾಗಿಲವರೆಗೆ ನಿಂತಿದ್ದರು. ಕಿಟಕಿಯಲ್ಲಿ ಆರ್ಡರ್ ಮೇಲೆ ಆರ್ಡರ್. ಧರ್ಮಪಾಲ ತನ್ನ ಕೈಕೆಳಗಿನವನಿಗೆ ಸೌಟು ಕೊಟ್ಟು, ಅಂಗಿ ತೊಟ್ಟುಕೊಂಡು ಹೊರಗೆ ಬಂದ. ಊರಿನ ದೊಡ್ಡ ದೊಡ್ಡ ಹೋಟೆಲಿನವರೆಲ್ಲ ಗಲ್ಲೆಯ ಸುತ್ತ ಕೂತಿದ್ದರು. ಶೆಟ್ಟರು ಗಾಬರಿಯಾಗಿ, "ಇಂಥ ದಿನ ಎಲ್ಲಿಗೆ ಹೊರಟದ್ದು ಮಾರಾಯ?" ಎಂದು ಕೇಳಿದರು.

ಧರ್ಮಪಾಲ ದನಿ ತಗ್ಗಿಸಲಿಲ್ಲ. ಎಲ್ಲರಿಗೂ ಕೇಳುವಂತೆ ಹೇಳಿದ:

"ನಮ್ಮ ಮನೆಯವಳು ರಬಾಳೆಯಲ್ಲಿ ಸೂಪರ್‌ವೈಸರ್ ಸೇಟ್. ಎಂಟೂವರೆಗೆ ಊಟಕ್ಕೆ ಬರ್ತಾಳೆ. ನಾನು ಹೋಗಿ ಅಕ್ಕಿ ತೊಳೀಬೇಕು."